ಸುಬ್ಬಯ್ಯನವರ ಪುಟ

ಬೆಳಗಿನ ರೊಟ್ಟಿ ಬಡಿದು ಮುಗಿಸಿ, ಕಾಲೇಜಿಗೆ ಹೊರಡುವ ಮುಂಚೆ ಸಿಗುವ ಚೂರು ಬಿಡುವಿನಲ್ಲಿ ತ್ರಿವೇಣಿ ಊಟದ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂರುತ್ತಿದ್ದಳು. ಅಂತರ್ಜಾಲದ ಕನ್ನಡ ವಿಶ್ವಕೋಶಕ್ಕೆ ಯಾರು ಬೇಕಾದರೂ ಲೇಖನ ಸೇರಿಸಬಹುದು. ಹಾಗಾಗಿ ಸೇರಿಸಿದ್ದನ್ನು ನೋಡಿ ತಿದ್ದುವವರೂ ಬೇಕು. ಸಂಬಳವಿಲ್ಲದೆ ಆ ಕೆಲಸ ಮಾಡುವ ಕೆಲವೇ ಜನರಲ್ಲಿ ಅವಳೂ ಒಬ್ಬಳು. ಶಿಕಾರಿಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಅವಳಿಗೆ ವರ್ಷಕ್ಕೊಮ್ಮೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯವಿತ್ತು. ಇಲ್ಲಿ ಆ ಭಯವಿರಲಿಲ್ಲ. ಒಂದು ವಾಕ್ಯ ಸರಿ ಇದೆಯೋ ಇಲ್ಲವೋ ಎಂಬುದಷ್ಟೇ ಇಲ್ಲಿಯ ಲೆಕ್ಕ.

ಆ ದಿನದ ಹೊಸ ಲೇಖನಗಳಲ್ಲಿ ‘ಎಸ್. ಸುಬ್ಬಯ್ಯ, ಸಂಶೋಧಕ’ ಎಂಬುದೊಂದಿತ್ತು. ‘ಶಿಕಾರಿಪುರದ ಹೆಮ್ಮೆಯ ಪುತ್ರ, ಸರಳ ಸಜ್ಜನ, ನಿಗರ್ವಿ, ಎಲೆಮರೆಯ ಕಾಯಿ’ ಎಂದು ಶುರುವಾಗಿತ್ತು. ಇಂಥವನ್ನು ವಾರಕ್ಕೊಂದಾದರೂ ನೋಡುವ ತ್ರಿವೇಣಿ ನಗುತ್ತಲೇ ಓದಿದಳು. ಸರ್ವೆ ಇಲಾಖೆಯಲ್ಲಿ ಸೇವೆ ಎಂಬಲ್ಲಿಗೆ ಬಂದಾಗ ನಗು ನಿಂತಿತು. ‘ಹೊಲಗದ್ದೆಗಳ ಹೆಸರುಗಳ ಬಗ್ಗೆ ಅಮೂಲ್ಯ ಗ್ರಂಥ ರಚಿಸಿರುತ್ತಾರೆ. ಮಿತಾಹಾರಿಗಳು’ ಎಂಬ ಸಾಲಿಗೆ ಬಂದು ತಲೆ ಎತ್ತಿದಳು. ಎದುರಿಗೆ ಮಾವ ಸುಬ್ಬಯ್ಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು.

“ಇನ್ನೊಂದು ಹಾಕಲೇನ್ರೀ?” ಅತ್ತೆ ಭಾಗೀರಥಮ್ಮ ಒಳಗಿನಿಂದ ಕೇಳಿದರು.

“ಹಾಕು. ಬದನೆಕಾಯಿ ಪಲ್ಯ ಉಳೀತದೆ ಸುಮ್ನೆ.”

ಲೇಖನ ಸೇರಿಸಿದವರ ಹೆಸರಿನ ಜಾಗದಲ್ಲಿ ‘ವಿಭಾ’ ಎಂದಿತ್ತು. ಮಗಳು ಪಿಯುಸಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದಳು. ತ್ರಿವೇಣಿ ಅವಳನ್ನು ಹಿತ್ತಲಿಗೆ ಕರೆದಳು.

“ಅಜ್ಜ ಹೇಳಿದ್ರು, ನಾನು ಟೈಪ್ ಮಾಡಿದೆ” ಎಂದಳು ವಿಭಾ. “ನಿಗರ್ವಿ ಅಂದ್ರೆ ಏನು ಅಂತ ಕೇಳಿದೆ. ಬೈದರು.”

“ನನಗೆ ಯಾಕೆ ಹೇಳಲಿಲ್ಲ?”

“ನಿನಗೆ ಹೇಳಿದ್ರೆ ನೀನು ರೂಲ್ಸ್ ತೆಗೀತೀಯ ಅಂದ್ರು.”

ಕಾರಣ ಸಂಜೆ ಗೊತ್ತಾಯಿತು. ಊರಿನ ಸಾಹಿತ್ಯ ಬಳಗದವರು ಆ ವರ್ಷದ ಸಮಾವೇಶಕ್ಕೆ ಅಧ್ಯಕ್ಷರನ್ನು ಹುಡುಕುತ್ತಿದ್ದರು. ಕಾರ್ಯದರ್ಶಿ ತೀರ್ಥೇಶ್ ಫೋನ್ ಮಾಡಿ, “ಸಾರ್, ನಿಮ್ಮ ಬಗ್ಗೆ ನೆಟ್ಟಲ್ಲಿ ಏನಾದ್ರೂ ಇದ್ರೆ ಲಿಂಕ್ ಕಳಿಸಿ, ಕಮಿಟಿಯೋರು ನೋಡ್ತಾರೆ” ಎಂದಿದ್ದ. ನೆಟ್ಟಿನಲ್ಲಿ ಹುಡುಕಿದರೆ ಅದೇ ಹೆಸರಿನ ಇನ್ಯಾರೋ ಬಸ್ ಕಂಡಕ್ಟರ್ ಒಬ್ಬರ ನಿವೃತ್ತಿಯ ಫೋಟೊ ಬಂದಿತ್ತು. ಸುಬ್ಬಯ್ಯನವರಿಗೆ ಅದು ಸಹಿಸಲಾಗಲಿಲ್ಲ.

ತ್ರಿವೇಣಿ ಊಟಕ್ಕೆ ಬಡಿಸುತ್ತಲೇ ಮಾತು ತೆಗೆದಳು. ಮಾತು ಅಳೆದು ಆಡುವುದು ಅವಳ ರೂಢಿ. ಎಷ್ಟು ಅಳೆದರೂ ಕೆಲವು ಮಾತು ತಪ್ಪು ಜಾಗದಲ್ಲೇ ಬೀಳುತ್ತವೆ.

“ಮಾವ, ತನ್ನ ಬಗ್ಗೆ ತಾನು ಬರೆದದ್ದು ಅಲ್ಲಿ ನಿಲ್ಲೋದಿಲ್ಲ. ನಿಮ್ಮ ಬಗ್ಗೆ ಬೇರೆ ಯಾರಾದರೂ, ಪತ್ರಿಕೆಯಲ್ಲೋ ಪುಸ್ತಕದಲ್ಲೋ ಬರೆದಿರಬೇಕು. ಅದನ್ನ ಆಧಾರ ಅಂತ ತೋರಿಸಬೇಕು.”

“ನಾನು ಸುಳ್ಳು ಬರೆದಿದೀನಾ?”

“ಸುಳ್ಳು ಅನ್ನಲಿಲ್ಲ.”

“ಮತ್ತೆ? ನನ್ನ ವಿಷಯ ನನಗಿಂತ ಬೇರೆಯೋರಿಗೆ ಗೊತ್ತಾ? ಬಳ್ಳಿಗಾವಿಗೆ ಹೋಗಿ ನೋಡು. ಒಂದೊಂದು ಕಲ್ಲಿನ ಮೇಲೂ ರಾಜರು ಬಿರುದು ಕೆತ್ತಿಸಿಕೊಂಡಿದಾರೆ. ಅವರೇನು ಬೇರೆಯೋರ ಹತ್ರ ಆಧಾರ ಕೇಳಿದ್ರಾ? ಅದನ್ನೇ ನೀವು ಇತಿಹಾಸ ಅಂತ ಕಾಲೇಜಲ್ಲಿ ಪಾಠ ಮಾಡ್ತೀರಿ.”

“ಕೆತ್ತಿಸಿಕೊಂಡಿದಾರೆ ಅಂತ ಪಾಠ ಮಾಡ್ತೀವಿ ಮಾವ. ಹಾಗೇ ಇದ್ರು ಅಂತಲ್ಲ.”

ವಿಭಾಗೆ ನಗು ಬಂತು. ತ್ರಿವೇಣಿಯ ಗಂಡ ನಿರಂಜನ ಮಗಳ ಕಡೆ ಕಣ್ಣು ಬಿಟ್ಟ. ಅವನದು ಪಂಪ್‌ಸೆಟ್ ಅಂಗಡಿ. ದಿನವಿಡೀ ಗಿರಾಕಿಗಳ ಹತ್ತಿರ ವಾದ ಮಾಡಿ ಬಂದವನಿಗೆ ಮನೆಯಲ್ಲಿ ವಾದ ಬೇಡವಾಗಿತ್ತು.

“ಅಷ್ಟು ದೊಡ್ಡ ವಿಶ್ವಕೋಶದಲ್ಲಿ ಅಪ್ಪಂದು ಒಂದು ಪುಟ ಇದ್ರೆ ಏನು ತೂಕ ಆಗುತ್ತೆ? ಬಿಡೇ” ಎಂದ.

“ಇರಲಿ, ಪತ್ನಿ ಅಂತ ಬರೆದಿದೀರಲ್ಲ, ಹೆಸರೇ ಇಲ್ವಲ್ರೀ” ಎಂದರು ಭಾಗೀರಥಮ್ಮ. ಮೊಮ್ಮಗಳ ಫೋನಿನಲ್ಲಿ ಅವರು ಮಧ್ಯಾಹ್ನವೇ ಓದಿಸಿಕೊಂಡಿದ್ದರು. “ಗೃಹಿಣಿ ಅಂತಿದೆ. ಯಾವ ಗೃಹಿಣಿ ಅಂತ ಜನ ಕೇಳಲ್ವಾ?”

ಸುಬ್ಬಯ್ಯ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು.

ನಿರಂಜನ ಅಂದಂತೆ ಬಿಟ್ಟುಬಿಡಬಹುದಿತ್ತು. ಆದರೆ ಆಷಾಢದಲ್ಲಿ ಆನವಟ್ಟಿಯ ಗಿರೀಶ ಎಂಬ ಹುಡುಗ ತನ್ನ ಬಗ್ಗೆ ತಾನೇ ಒಂದು ಪುಟ ಬರೆದಿದ್ದ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು ಕವಿತೆ ಬರೆಯುವವನು. ಆಧಾರ ಇಲ್ಲವೆಂದು ಆ ಪುಟವನ್ನು ಅಳಿಸಬೇಕೇ ಎಂಬ ಚರ್ಚೆಗೆ ಹಾಕಿದವಳು ತ್ರಿವೇಣಿಯೇ. ಅವನು ಎಲ್ಲಿಂದಲೋ ನಂಬರು ಹುಡುಕಿ ಫೋನ್ ಮಾಡಿದ್ದ. “ಮೇಡಂ, ನಮ್ಮ ಬಗ್ಗೆ ನಾನು ಬರೀದಿದ್ರ ಯಾರು ಬರೀತಾರ?” ಅವಳಲ್ಲಿ ಇದ್ದದ್ದು ನಿಯಮ ಮಾತ್ರ. ಅದನ್ನೇ ಹೇಳಿದ್ದಳು. ಪುಟ ಹೋಯಿತು. ಈಗ ಮಾವನ ಪುಟ ಉಳಿಸಿದರೆ, ಆ ಹುಡುಗನಿಗೆ ಹೇಳಿದ ಮಾತು ನಿಯಮವಾಗದೆ ಬರೀ ದರ್ಪವಾಗುತ್ತಿತ್ತು.

“ನೀವೇ ತೆಗೆಸಿಬಿಡಿ ಮಾವ” ಎಂದು ಮಾರನೆಯ ದಿನ ಕೇಳಿಕೊಂಡಳು. “ನಾನು ಹಾಕಿ ನಾಲ್ಕು ಜನ ಚರ್ಚೆ ಮಾಡೋದು ಚೆನ್ನಾಗಿರಲ್ಲ.”

ಸುಬ್ಬಯ್ಯ ಪೇಪರು ಮಡಚಿ, “ತಾನು ಬರೀಬಾರದು. ಬೇರೆಯೋರು ಬರೀಬೇಕು. ಇಷ್ಟೇ ತಾನೆ?” ಎಂದರು.

“ಇಷ್ಟೇ ಅಲ್ಲ...”

“ಸರಿ, ಸರಿ.” ಅವರ ಮುಖದಲ್ಲಿ ಏನೋ ಹೊಳೆದಂತಿತ್ತು. ಆವತ್ತೇ ಪುಟ ತೆಗೆಸಿದರು. ವಾರ ಕಳೆಯುವುದರೊಳಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆನವಟ್ಟಿ ಬಸ್ಸು ಹತ್ತಿದರು.

ಆನವಟ್ಟಿಯಲ್ಲಿ ಅವರ ಗೆಳೆಯ ಕಲ್ಲಪ್ಪ ಇದ್ದರು. ಸೊಸೈಟಿಯ ಅಧ್ಯಕ್ಷರಾಗಿದ್ದವರು, ಜಮೀನುದಾರರು, ವಯಸ್ಸಾದ ಮೇಲೆ ವಚನ ಬರೆಯಲು ಶುರು ಮಾಡಿ ಒಂದು ಪುಸ್ತಕ ಅಚ್ಚು ಹಾಕಿಸಿದ್ದವರು. ಸಂಜೆ ವಾಪಸ್ಸಾದಾಗ ಸುಬ್ಬಯ್ಯನವರ ಕೈಯಲ್ಲಿ ಮಂಡಕ್ಕಿ ಪೊಟ್ಟಣವೂ ಬಾಯಲ್ಲಿ ಹಾಡೂ ಇತ್ತು.

“ಮುಯ್ಯಾಳು ಮಾಡ್ಕೊಂಡಿದೀವಿ” ಎಂದರು. ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಕೂಲಿಯಿಲ್ಲದೆ ದುಡಿದು, ತಮ್ಮ ಗದ್ದೆಗೆ ಅವರನ್ನು ಕರೆಸಿಕೊಳ್ಳುವ ಪದ್ಧತಿ ಅದು. “ಕಲ್ಲಪ್ಪನ ಜೀವನಚರಿತ್ರೆ ನಾನು ಬರೆಯೋದು, ನಂದು ಅವನು. ಅವನ ಮೊಮ್ಮಗಳು ನಯನ ಹಾಕಿಕೊಡ್ತಾಳೆ. ನಾನು ಏನೇನು ಬರೀಬೇಕು ಅಂತ ಎಲ್ಲ ಹೇಳಿ ಬಂದಿದೀನಿ. ನಿನ್ನ ರೂಲ್ ಎಲ್ಲಿ ಮುರೀತು ಹೇಳಮ್ಮ?”

“ಮುಯ್ಯಿ ಮಾಡಿ ಹೊಗಳಿಸಿಕೊಳ್ಳೋದನ್ನ ನಾನು ಮದುವೆಮನೇಲಿ ಮಾತ್ರ ನೋಡಿದ್ದೆ” ಎಂದರು ಭಾಗೀರಥಮ್ಮ, ಮಂಡಕ್ಕಿಗೆ ಒಗ್ಗರಣೆ ಹಾಕುತ್ತ.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಕಲ್ಲಪ್ಪನವರದೇ ಮಾತು. ಸುಬ್ಬಯ್ಯ ಓಡಾಡುತ್ತ ಹೇಳುವುದು, ವಿಭಾ ಒತ್ತುವುದು. ‘ಕಲ್ಲಪ್ಪನವರು ಶಾಲೆಗೆ ಭೂದಾನ ಮಾಡಿದ ಮಹಾನುಭಾವರು’ ಎಂಬಲ್ಲಿ ಅಜ್ಜ ಮೊಮ್ಮಗಳಿಗೆ ಸ್ವಲ್ಪ ಜಗಳವಾಯಿತು. ‘ಮಹಾನುಭಾವ’ ಇದು ಎಷ್ಟನೇ ಸಲ ಎಂದು ಅವಳು ಕೇಳಿದ್ದಳು. ಕೊನೆಗೆ ನಾಲ್ಕು ಪುಟ ತುಂಬಿ, ವಿಶ್ವಕೋಶಕ್ಕೆ ಏರಿತು.

ಅದಾದ ಒಂದೆರಡು ದಿನಕ್ಕೆ ಆನವಟ್ಟಿಯ ಕಡೆಯ ಪುಟವೂ ಬಂತು. ಸುಬ್ಬಯ್ಯ ಕನ್ನಡಕ ಹುಡುಕುವ ಮೊದಲೇ ಲಿಂಕನ್ನು ಸಾಹಿತ್ಯ ಬಳಗದ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟರು. ಆಮೇಲೆ ಓದಿದರು.

‘ಸುಬ್ಬಯ್ಯ ಸರ್ವೆ ಇಲಾಖೆಯಲ್ಲಿದ್ದರು. ಹೊಲಗದ್ದೆಗಳ ಹೆಸರುಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆ. ಶಿಕಾರಿಪುರದಲ್ಲಿ ವಾಸ.’

ಪುಟ ಅಷ್ಟೇ. ಸುಬ್ಬಯ್ಯ ಪರದೆಯನ್ನು ಬೆರಳಿನಿಂದ ಮೇಲೆ ತಳ್ಳಿದರು, ಕೆಳಗೆ ತಳ್ಳಿದರು.

“ವಿಭಾ, ಉಳಿದದ್ದು ಎಲ್ಲಿ?”

“ಇಷ್ಟೇ ಅಜ್ಜ. ಮೂರು ಸಾಲು.”

“ನೆಟ್‌ವರ್ಕ್ ಇಲ್ವೇನೋ ನೋಡು.”

“ನೆಟ್‌ವರ್ಕ್ ಫುಲ್ ಇದೆ ಅಜ್ಜ.”

ಸುಬ್ಬಯ್ಯ ಆ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದರು. ಭಾಗೀರಥಮ್ಮ ತಂಬುಳಿ ಮಾಡಿ ಒಯ್ದರು. ಗುಂಪಿನಲ್ಲಿ ಯಾರೋ ಹೆಬ್ಬೆರಳು ಒತ್ತಿದ್ದರು, ಇನ್ಯಾರೋ ಕೈ ಮುಗಿದಿದ್ದರು. ತೀರ್ಥೇಶ್ ಏನೂ ಹೇಳಿರಲಿಲ್ಲ.

ಹೇಳಿದವನು ಗಿರೀಶ. ಅವನೂ ಆ ಗುಂಪಿನಲ್ಲಿದ್ದ. ವಿಶ್ವಕೋಶದ ಚರ್ಚೆಯ ಪುಟಕ್ಕೆ ಹೋಗಿ ಬರೆದ: ‘ಕಲ್ಲಪ್ಪನವರಿಗೆ ಆಧಾರವಿಲ್ಲದ ನಾಲ್ಕು ಪುಟ, ಸುಬ್ಬಯ್ಯನವರಿಗೆ ಆಧಾರವಿಲ್ಲದ ಮೂರು ಸಾಲು. ನನ್ನದನ್ನು ಅಳಿಸಿದ ತ್ರಿವೇಣಿ ಮೇಡಂ ಇದಕ್ಕೆ ಏನೆನ್ನುತ್ತಾರೆ?’ ಅದರ ಕೆಳಗೆ ಧಾರವಾಡದ ಹಿರಿಯ ಸಂಪಾದಕರೊಬ್ಬರು, ‘ತ್ರಿವೇಣಿಯವರು ಅದೇ ಊರಿನವರು. ಅಭಿಪ್ರಾಯ ತಿಳಿಸಲಿ. ಒಂದು ವಾರ ಕಾಯೋಣ’ ಎಂದು ಸೇರಿಸಿದ್ದರು.

ಆ ಭಾನುವಾರ ತ್ರಿವೇಣಿ ಸೊರಬದ ತವರಿಗೆ ಹೋದಳು. ತಾಯಿಗೆ ಮಾತ್ರೆ ಕೊಡುವುದಿತ್ತು. ದಾರಿಯುದ್ದಕ್ಕೂ ಡಾಂಬರಿನ ಮೇಲೆ ಮೆಕ್ಕೆಜೋಳ ಹರವಿದ್ದರಿಂದ ಬಸ್ಸು ಒಂದೇ ಬದಿಯಲ್ಲಿ ಹೋಗುತ್ತಿತ್ತು. ತಾಯಿ ಎಲ್ಲ ಕೇಳಿ, ಹಪ್ಪಳದ ಹಿಟ್ಟು ನಾದುವುದನ್ನು ನಿಲ್ಲಿಸಿದರು.

“ಎಂತಕ್ಕೆ ನಿಂಗೆ ಈ ಉಸಾಬರಿ ಮಾರಾಯ್ತಿ? ಬದುಕಿದ್ದೋರ ಹೆಸರು ಅಳಿಸದು ಒಳ್ಳೇದಲ್ಲ. ಅದೂ ಮಾವನ ಹೆಸರು, ಸೊಸೆ ಕೈಯಾಗೆ.”

“ಅಮ್ಮ, ಅದು ಸ್ಲೇಟಲ್ಲ.”

“ಎಂತದೇ ಆಗ್ಲಿ. ನಾಳೆ ಅವರಿಗೆ ಎಂತಾರೂ ಹೆಚ್ಚುಕಮ್ಮಿ ಆದ್ರೆ ಊರು ಎಂತ ಹೇಳ್ತದೆ?”

ತಮ್ಮ ಅಭಿಜ್ಞ ಒಳಗಿನಿಂದಲೇ ಕೂಗಿದ: “ಅಕ್ಕಾ, ಜ್ವರ ಅಂತ ಹೇಳಿ ಒಂದು ವಾರ ಮಲ್ಕೋ. ಬೇರೆ ಯಾರಾದ್ರೂ ಅಳಿಸ್ತಾರೆ.”

ಅವಳಿಗೂ ಆ ಯೋಚನೆ ಬಂದಿತ್ತು. ತಮ್ಮನ ಬಾಯಲ್ಲಿ ಕೇಳಿದ ಮೇಲೆ ಅದು ಎಷ್ಟು ಸಣ್ಣದು ಎಂದು ಗೊತ್ತಾಯಿತು.

ವಾಪಸ್ಸು ಬಂದರೆ ಮನೆಯಲ್ಲಿ ಮಾತು ಇನ್ನೂ ಕಡಿಮೆಯಾಗಿತ್ತು. “ನಿಮ್ಮಮ್ಮನಿಗೆ ಹೇಳು, ಬಿಸಿನೀರು ಕಾದಿದೆ ಅಂತ” ಎಂದು ಸುಬ್ಬಯ್ಯ ಮೊಮ್ಮಗಳ ಮೂಲಕ ಹೇಳಿಸುತ್ತಿದ್ದರು. ತ್ರಿವೇಣಿ ಎದುರಿಗೇ ನಿಂತಿರುತ್ತಿದ್ದಳು. ಕಲ್ಲಪ್ಪನವರ ಫೋನು ಬಂದರೆ ತೆಗೆಯುತ್ತಿರಲಿಲ್ಲ.

ಫೋನು ತೆಗೆಯದಿದ್ದಕ್ಕೆ ಕಲ್ಲಪ್ಪ ಗುರುವಾರ ತಾವೇ ಬಂದರು, ಒಂದು ಚೀಲ ಹಸಿ ಅವರೆಕಾಯಿ ಹೊತ್ತುಕೊಂಡು. ಬಿಳಿ ಪಂಚೆ, ಎತ್ತರದ ದನಿ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

“ಏನ್ ಸುಬ್ಬಯ್ಯ, ಫೋನ್ ಮಾಡಿದ್ರ ತಗಳಾಂಗಿಲ್ಲ? ನೆಟ್ಟಾಗ ಹೆಸರು ಬಂದ ಮ್ಯಾಲೆ ದೊಡ್ಡ ಮನುಷ್ಯ ಆದಿ ಬಿಡು.”

“ಯಾವ ಹೆಸರು? ಮೂರು ಸಾಲಲ್ಲಿ?” ಎಂದರು ಸುಬ್ಬಯ್ಯ. “ನಾನು ನಿನಗೆ ನಾಲ್ಕು ಪುಟ ಬರೆದೆ. ಮುಯ್ಯಾಳಿಗೆ ಕರೆದರೆ ಇಡೀ ದಿನ ನಾಟಿ ಮಾಡಿಸಿಕೊಂಡು, ನನ್ನ ಗದ್ದೆಗೆ ಬಂದು ಮೂರು ಸಸಿ ಊರಿ ಹೋದೆಯಲ್ಲೋ!”

ಊಟಕ್ಕೆ ಎಲ್ಲರೂ ಕೂತರು. ನಿರಂಜನ ಅಂಗಡಿಯಿಂದ ಬಂದಿದ್ದ. ವಿಭಾ ಕಾಲೇಜಿನಿಂದ ಬಂದವಳು ಬಟ್ಟೆ ಬದಲಿಸದೆ ಕೂತಿದ್ದಳು. ಕಲ್ಲಪ್ಪ ಅನ್ನಕ್ಕೆ ಹುಳಿ ಕಲಸಿಕೊಳ್ಳುತ್ತ ಹೇಳಿದರು:

“ನೋಡಪ್ಪ, ನಂಗೆ ಗೊತ್ತಿದ್ದದ್ದು ಅಷ್ಟು. ಅಷ್ಟು ಬರ್ದೆ. ಸರಳ, ಸಜ್ಜನ, ಅದೆಲ್ಲ ನೀ ಹೇಳಿದ್ದು. ನೀ ಹೇಳಿದ್ದು ನಾ ಬರ್ದ್ರ, ಅದು ನೀನೇ ಬರ್ಕಂಡಂಗಲ್ಲೇನು? ಕೈ ನಂದು ಅಷ್ಟ.”

“ನಾನು ನಿನ್ನ ಬಗ್ಗೆ ಬರೀಲಿಲ್ವಾ?”

“ಬರ್ದಿ. ಶಾಲಿಗೆ ಜಾಗ ಕೊಟ್ಟೋನು ನಾನು ಅಂತ ಬರ್ದಿ. ಕೊಟ್ಟಾಂವ ನಮ್ಮಣ್ಣ. ಮನಿಯಾಗ ನಮ್ಮತ್ತಿಗಿ ಎರಡು ದಿನ ಆತು ನನ್ ಕೂಡ ಮಾತು ಬಿಟ್ಟು. ನಾಳೆನೇ ತಗ್ಸು ಅದನ್ನ.”

ಬಡಿಸುತ್ತಿದ್ದ ಭಾಗೀರಥಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

“ಅಲ್ಲ ಮಾರಾಯ” ಕಲ್ಲಪ್ಪ ದನಿ ಇಳಿಸಿದರು, “ನೀ ನಮ್ಮೂರಿಗೆ ಅಳತಿಗೆ ಬರ್ತಿದ್ದಿ. ನನ್ನ ಹೊಲದ ಗಡಿ ಇದು ಅಂತ ನಾನು ಬೆರಳು ಮಾಡಿದ್ರ ಅಲ್ಲೇ ಕಲ್ಲು ನೆಡಿಸ್ತಿದ್ದೇನು? ಬಾಜುದಾರರಿಗೆ ನೋಟೀಸು ಕೊಟ್ಟು, ಅಕ್ಕಪಕ್ಕದ ಹೊಲದೋರು ಬಂದು ನಿಂತು ಹೌದು ಅಂದ ಮ್ಯಾಲಲ್ಲೇನು ಸರಪಳಿ ಎಳೀತಿದ್ದದ್ದು?”

ಸುಬ್ಬಯ್ಯ ಎಲೆಯಲ್ಲಿ ಅನ್ನವನ್ನು ಗಡಿಯಂತೆ ಒಂದು ಕಡೆಗೆ ಒತ್ತುತ್ತ ಕೂತರು. ಎಷ್ಟೋ ದಿನದ ಮೇಲೆ ಸೊಸೆಯ ಮುಖ ನೇರವಾಗಿ ನೋಡಿದರು.

“ತ್ರಿವೇಣಿ, ನೀನು ನನ್ನ ಪುಸ್ತಕ ಓದಿದೀಯಾ?”

ಬಡಿಸುತ್ತಿದ್ದ ಅವಳು ಸೌಟನ್ನು ಪಾತ್ರೆಗೆ ಇಳಿಸಿದಳು. “ಇಲ್ಲ ಮಾವ.”

“ನಿರಂಜನ?”

“ಅಚ್ಚಾದಾಗ ಕಟ್ಟು ಹೊತ್ತು ತಂದಿದ್ದು ನಾನೇ ಅಪ್ಪ.”

“ಓದಿದೀಯಾ ಅಂದೆ.”

ನಿರಂಜನ ನೀರು ಕುಡಿದ.

“ಕಲ್ಲಪ್ಪ?”

“ಮುನ್ನುಡಿ ಓದೀನಿ. ಚಲೋ ಐತಿ.”

“ನನಗೆ ಓದಿ ಹೇಳ್ತಿದ್ರಲ್ಲ” ಎಂದು ಭಾಗೀರಥಮ್ಮ ಬಾಗಿಲಿನಿಂದ ಹೇಳಿದರು. “ಅರ್ಧಕ್ಕೇ ನಿದ್ದೆ ಬರೋದು. ನಿಮಗೂ ಬರೋದು.”

ಸುಬ್ಬಯ್ಯ ಮಜ್ಜಿಗೆ ಹಾಕಿಸಿಕೊಂಡು, ಪೂರ್ತಿ ಕುಡಿದು, ಎಲೆ ಮಡಚಿದರು.

“ಬಾಜುದಾರರು ಒಬ್ಬರೂ ಹಾಜರಿಲ್ಲ” ಎಂದರು. “ಹಾಗಿದ್ದರೆ ನಾವು ಏನು ಮಾಡ್ತಿದ್ವಿ ಗೊತ್ತೇನಮ್ಮ? ಹಾಜರಿಲ್ಲ, ಅಳತೆ ಆಗಿಲ್ಲ ಅಂತ ಷರಾ ಬರೆದು ವಾಪಸ್ ಬರ್ತಿದ್ವಿ. ಕಲ್ಲು ನೆಡ್ತಿರಲಿಲ್ಲ. ನೀನೂ ಷರಾ ಬರಿ. ಹೋಗು.”

ತ್ರಿವೇಣಿ ಆ ಸಂಜೆ ಬರೆದಳು. ಬಹಳ ಹೊತ್ತು ತೆಗೆದುಕೊಂಡು, ನಾಲ್ಕು ಸಲ ಅಳಿಸಿ ಬರೆದಳು. ‘ಸುಬ್ಬಯ್ಯನವರು ನನ್ನ ಮಾವ. ಹಾಗಾಗಿ ಉಳಿಸಬೇಕೆಂದಾಗಲಿ ಅಳಿಸಬೇಕೆಂದಾಗಲಿ ನಾನು ಮತ ಹಾಕುವುದಿಲ್ಲ. ಅವರ ಪುಸ್ತಕದ ಬಗ್ಗೆ ಬೇರೆಯವರು ಬರೆದದ್ದು ನನಗೆ ಎಲ್ಲಿಯೂ ಸಿಗಲಿಲ್ಲ. ಪುಸ್ತಕವನ್ನು ನಾನೂ ಓದಿಲ್ಲ. ಕಲ್ಲಪ್ಪನವರ ಪುಟದಲ್ಲಿ ತಪ್ಪಿದೆಯೆಂದು ಅವರೇ ತಿಳಿಸಿದ್ದಾರೆ.’ ಕೊನೆಯಲ್ಲಿ ಗಿರೀಶನಿಗೆ ಒಂದು ಸಾಲು: ‘ನಿಮಗೆ ಅನ್ವಯಿಸಿದ್ದೇ ಇಲ್ಲಿಯೂ ಅನ್ವಯಿಸುತ್ತದೆ.’

‘ಪುಸ್ತಕವನ್ನು ನಾನೂ ಓದಿಲ್ಲ’ ಎಂಬ ಮಾತು ಚರ್ಚೆಗೆ ಬೇಕಿರಲಿಲ್ಲ. ಅಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ತೆಗೆಯಲು ಹೋಗಿ, ಬಿಟ್ಟಳು.

ವಾರದ ಕೊನೆಗೆ ಎರಡೂ ಪುಟ ಹೋದವು. ಗಿರೀಶ ಏನೂ ಬರೆಯಲಿಲ್ಲ. ಸೊರಬದಿಂದ ತಾಯಿ ಫೋನ್ ಮಾಡಿ, “ನಿಮ್ಮ ಮಾವ ಆರಾಮಿದಾರಾ? ಕೆಮ್ಮು ಗಿಮ್ಮು ಎಂತೂ ಇಲ್ಲ ಅಲ?” ಎಂದು ಕೇಳಿದರು.

ತೀರ್ಥೇಶ್‌ನ ಫೋನು ಬಂದಾಗ ಸುಬ್ಬಯ್ಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೈ ಅಂಟಾಗಿದ್ದರಿಂದ ಸ್ಪೀಕರಿಗೆ ಹಾಕಿಸಿದರು.

“ಸಾರ್, ಆ ಲಿಂಕ್ ಓಪನ್ ಆಗ್ತಿಲ್ಲ.”

“ಆಗಲ್ಲ. ತೆಗೆದಿದಾರೆ.”

“ಅಯ್ಯೋ. ಮತ್ತೆ ಬೇರೆ ಏನಾದ್ರೂ ನೆಟ್ಟಲ್ಲಿ...”

“ನೆಟ್ಟಲ್ಲಿ ಏನಿಲ್ಲ ತೀರ್ಥೇಶ. ಪುಸ್ತಕ ಇದೆ. ಕಮಿಟಿಯೋರಿಗೆ ಒಂದೊಂದು ಪ್ರತಿ ಕಳಿಸ್ತೀನಿ, ಓದಿ ನೋಡಿ.”

“ಪುಸ್ತಕವಾ ಸಾರ್... ಟೈಮ್ ಕಮ್ಮಿ ಇದೆಯಲ್ಲ ಸಾರ್. ನೋಡೋಣ. ಮುಂದಿನ ವರ್ಷ ನೋಡೋಣ.”

“ಆಗಲಿ” ಎಂದರು ಸುಬ್ಬಯ್ಯ. ಸಿಪ್ಪೆಯ ರಾಶಿಯಲ್ಲಿ ಕಾಳು ಬಿದ್ದಿದ್ದವು. ಆರಿಸತೊಡಗಿದರು. ಆ ವರ್ಷದ ಅಧ್ಯಕ್ಷತೆ ನಿವೃತ್ತ ತಹಶೀಲ್ದಾರರೊಬ್ಬರಿಗೆ ಹೋಯಿತು.

ಪುಸ್ತಕದ ಕಟ್ಟುಗಳು ಅಟ್ಟದಲ್ಲಿದ್ದವು. ತ್ರಿವೇಣಿ ಒಂದನ್ನು ಇಳಿಸಿ, ಧೂಳು ಒರೆಸಿ, ರಜೆಯ ದಿನ ಊಟವಾದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಓದತೊಡಗಿದಳು. ‘ಗದ್ದೆಗೊಂದು ಹೆಸರು’. ಭಾಷೆ ಸರ್ಕಾರಿ ಪತ್ರದಂತಿತ್ತು, ‘ಸದರಿ’ ‘ಮೇಲ್ಕಂಡ’ ಎಂದು ತುಂಬಿತ್ತು. ಆದರೂ ಹೆಸರುಗಳಿದ್ದವು: ಅಂಜನಾಪುರ ಜಲಾಶಯದ ನೀರು ಬಂದ ಮೇಲೆ ಹೆಸರು ಕಳೆದುಕೊಂಡ ಹೊಲಗಳು, ಬಾಣಂತಿಯೊಬ್ಬಳ ಪಾಲಿಗೆ ಬಿಟ್ಟ ತುಂಡು, ಯಾರೂ ಉಳಲು ಒಪ್ಪದ ದಿಣ್ಣೆ. ಒಂದೊಂದರ ಕೆಳಗೂ ಯಾರು ಹೇಳಿದ್ದು, ಯಾವ ಊರಿನವರು ಎಂದು ಬರೆದಿತ್ತು.

ಸುಬ್ಬಯ್ಯ ನೀರು ಕುಡಿಯಲು ಬಂದರು. ಆಮೇಲೆ ಟವೆಲು ಒಣಗಿದೆಯಾ ನೋಡಲು ಬಂದರು. ಇನ್ನೊಂದು ಸಲ ಯಾವ ಕೆಲಸಕ್ಕೂ ಅಲ್ಲದೆ ಬಂದು ನಿಂತರು.

“ಓದ್ತಿದೀಯೋ, ತಪ್ಪು ಹುಡುಕ್ತಿದೀಯೋ?”

“ಎರಡೂ ಮಾವ.”

“ಸಿಕ್ಕಿತಾ?”

“ನಮ್ಮ ಸೊರಬದ ಕಡೆ ಜಗಳಗದ್ದೆ ಅಂತ ಇದೆಯಲ್ಲ. ಅಣ್ಣತಮ್ಮಂದಿರ ಜಗಳದಿಂದ ಆ ಹೆಸರು ಬಂತು ಅಂತ ಬರೆದಿದೀರಿ. ಅದು ಹಾಗಲ್ಲ. ಅಲ್ಲಿ ಜಗಳ ಆಡಿದ್ದು ಅತ್ತೆ ಸೊಸೆ. ಗಂಡಸರು ಬದುವಿನ ಮೇಲೆ ಸುಮ್ಮನೆ ನಿಂತಿದ್ದರಂತೆ. ನಮ್ಮಜ್ಜಿ ಹೇಳ್ತಿದ್ರು.”

ಸುಬ್ಬಯ್ಯ ಕನ್ನಡಕ ಹಣೆಗೇರಿಸಿದರು.

“ನಿಮ್ಮಜ್ಜಿ ಹೇಳಿದ್ದು. ಎಲ್ಲಾದ್ರೂ ಬರೆದಿದಾರಾ? ಆಧಾರ?”

ಅಡುಗೆಮನೆಯ ಕಿಟಕಿಯಲ್ಲಿ ಭಾಗೀರಥಮ್ಮನ ನಗು ಕೇಳಿಸಿತು. ಸುಬ್ಬಯ್ಯ ಒಳಗೆ ಹೋಗಿ ಕುರ್ಚಿಯೊಂದನ್ನು ಎಳೆದು ತಂದು, ಸೊಸೆಯ ಎದುರಿಗೆ ಹಾಕಿಕೊಂಡು ಕೂತರು.

“ಅಜ್ಜಿಯ ಪೂರ್ತಿ ಹೆಸರು ಹೇಳು ಮೊದಲು” ಎಂದರು. “ಆಮೇಲೆ ಜಗಳ.”